ಮೂರು ಕಂಪ್ಯೂಟರು, ಒಂದೇ ಕೀಬೋರ್ಡು

ಗಿರಿನಗರದಲ್ಲಿ ನನ್ನ ಟೈಲರಿಂಗ್ ಅಂಗಡಿಯ ಪಕ್ಕದ ಸ್ಟುಡಿಯೋ ಕೊಟ್ರಪ್ಪನದು. ಕೊಟ್ಟೂರಿನಿಂದ ಬಂದವನು, ಇಪ್ಪತ್ತೈದು ವರ್ಷದಿಂದ ಈ ಬಡಾವಣೆಯ ಮದುವೆಗಳ ವಿಡಿಯೋ ತೆಗೆಯುತ್ತಿದ್ದಾನೆ. ತಾನು ಮಾತ್ರ ಮದುವೆಯಾಗಲಿಲ್ಲ. ಕೇಳಿದರೆ "ಸೀಸನ್ನಲ್ಲಿ ಪುರುಸೊತ್ತೆಲ್ಲಿದೆ ಗುರು" ಎನ್ನುತ್ತಾನೆ.

ಗಿರಾಕಿ ಒಳಗೆ ಬಂದರೆ ಅವನು ಎದ್ದು ಗೋಡೆಗೆ ಅಂಟಿಕೊಳ್ಳಬೇಕು, ಅಷ್ಟು ಕಿರಿದು ಅಂಗಡಿ. ಅಂಥದ್ದರಲ್ಲಿ ಮೂರು ಕಂಪ್ಯೂಟರು! ಹಳೆಯ ಮದುವೆಗಳಿಗೊಂದು, ಎಡಿಟಿಂಗಿಗೊಂದು, ಕಾಪಿ ಮಾಡಲೊಂದು. ಮೇಜಿನ ಮೇಲೆ ಮಾತ್ರ ಒಂದೇ ಪರದೆ, ಒಂದೇ ಕೀಬೋರ್ಡು, ಒಂದೇ ಮೌಸು. ನಡುವೆ ಸೋಪಿನ ಡಬ್ಬಿಯಷ್ಟು ದೊಡ್ಡ ಸ್ವಿಚ್ಚು. ಅದರ ಗುಂಡಿ ಒತ್ತಿದರೆ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗಬಹುದು. "ಮೂರು ಜನರ ಕೆಲಸ ಒಬ್ನೇ ಮಾಡ್ತೀನಿ" ಎಂದು ಮೆರೆಯುತ್ತಿದ್ದ. ಗುಂಡಿ ಸವೆದು ಒಮ್ಮೊಮ್ಮೆ ಎರಡು ಸಲ ಒತ್ತಬೇಕಾಗುತ್ತಿತ್ತು. ಬದಲಾಯಿಸೋ ಎಂದರೆ ಕಿವಿಗೆ ಹಾಕಿಕೊಂಡವನಲ್ಲ. ಸಾಲದ್ದಕ್ಕೆ, ಮೂರಕ್ಕೂ ವಾಲ್‌ಪೇಪರು ಮನೆದೇವರು ಕೊಟ್ಟೂರೇಶ್ವರನೇ; ಪರದೆ ನೋಡಿ ಯಾವುದು ಯಾವುದೆಂದು ಹೇಳುವಂತಿರಲಿಲ್ಲ.

ಹೋದ ತಿಂಗಳು ಶಿಲ್ಪಶ್ರೀ ಬಂದಳು. ಹನ್ನೆರಡು ವರ್ಷದ ಹಿಂದೆ ಅವಳ ಮದುವೆಗೆ ಕ್ಯಾಮೆರಾ ಹಿಡಿದವನು ಇವನೇ. ಅವಳಪ್ಪ ತೀರಿಕೊಂಡು ತಿಂಗಳೂ ಆಗಿರಲಿಲ್ಲ. ಮದುವೆಯ ಸೀಡಿಯಲ್ಲಿ ಅವರು ಕ್ಯಾಮೆರಾ ಮುಂದೆ ನಿಂತು ಏನೋ ಹೇಳುತ್ತಾರೆ. ಕೊಟ್ರಪ್ಪ ಎಲ್ಲರಿಗೂ ಮಾಡುವಂತೆ ದನಿ ತೆಗೆದು, ಮೇಲೆ ಸಿನಿಮಾ ಹಾಡು ಹಾಕಿದ್ದ.

"ನಾನು ಆಗ ರೂಮಲ್ಲಿ ಮೇಕಪ್ಪಿಗೆ ಕೂತಿದ್ದೆ ಅಂಕಲ್. ನಂಗೇಂತ ಏನ್ ಹೇಳಿದ್ರೋ, ಅಪ್ಪ ಆಮೇಲೂ ಬಾಯಿಬಿಡ್ಲಿಲ್ಲ. ಒರಿಜಿನಲ್ ಇದ್ರೆ ಕೊಡಿ."

"ಇದೆ ಕಣಮ್ಮ. ಬುಧವಾರ ಬಾ."

ಅವಳದನ್ನು ಹಾಕಿಕೊಡಲು ಜಾಗ ಬೇಕೆಂದು ಮರುದಿನ ಕಾಪಿ ಮಾಡುವ ಕಂಪ್ಯೂಟರನ್ನು ಖಾಲಿ ಮಾಡಲು ಕೂತ. ಗುಂಡಿ ಒತ್ತಿದ. ಅಷ್ಟರಲ್ಲಿ ಫೋನು ಬಂತು. ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಮಾತಾಡುತ್ತಲೇ ಎಲ್ಲ ಅಳಿಸಿದ, ಭಾನುವಾರದ ಮದುವೆಯನ್ನೂ ಅದರ ಮೇಲೆ ತುಂಬಿದ. ಸಂಜೆ ಶಿಲ್ಪಶ್ರೀಯ ಮದುವೆ ಹುಡುಕಿದಾಗಲೇ ಗೊತ್ತಾಗಿದ್ದು, ಬೆಳಿಗ್ಗೆ ಗುಂಡಿ ಹಿಡಿದೇ ಇರಲಿಲ್ಲ. ಅಳಿಸಿದ್ದು ಹಳೆಯ ಮದುವೆಗಳನ್ನು. ಆ ಕಂಪ್ಯೂಟರನ್ನು ರಿಪೇರಿಯವನ ಹತ್ತಿರ ಹೊತ್ತುಕೊಂಡು ಓಡಿದ. "ಮೇಲೆ ಬೇರೆ ತುಂಬಿಬಿಟ್ಟಿದ್ದೀರಲ್ಲ ಸಾರ್" ಎಂದು ಅವನು ಕೈಚೆಲ್ಲಿದ. ಕೊಟ್ರಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಬುಧವಾರ ಅವಳು ಬಂದಳು. ಕೈಮುಗಿದು ನಡೆದದ್ದು ಹೇಳಿದ. ಕೂಗಾಡುತ್ತಾಳೆಂದು ನಾನೂ ಬಾಗಿಲಿಗೆ ಬಂದು ನಿಂತಿದ್ದೆ. ಅವಳು ಕೂಗಾಡಲಿಲ್ಲ.

"ಹೋಗ್ಲಿ ಅಂಕಲ್. ಕ್ಯಾಮೆರಾ ಹಿಡ್ಕೊಂಡು ಎದುರಿಗೆ ನಿಂತಿದ್ದು ನೀವೇ ಅಲ್ವಾ? ಅಪ್ಪ ಏನಂದ್ರು?"

ಏನಾದರೂ ಹೇಳಿಬಿಡೋ, 'ಚೆನ್ನಾಗಿರು ಮಗಳೇ' ಅಂದರು ಎನ್ನು, ನಿನ್ನ ಗಂಟೇನು ಹೋಗುತ್ತೆ ಎಂದು ಮನಸ್ಸಿನಲ್ಲೇ ಬೈದೆ.

"ಎದುರಿಗೇ ನಿಂತಿದ್ದೆ ಕಣಮ್ಮ. ಮುಖದ ಮೇಲೆ ಲೈಟು ಸರಿಯಾಗಿ ಬೀಳ್ತಿದೆಯಾ ಅಂತ ನೋಡ್ತಿದ್ದೆ. ಅವರ ಮಾತು ಕೇಳಿಸ್ಕೊಳ್ಳಲಿಲ್ಲ."

ಅವಳಿಗಿಂತ ಮೊದಲು ಅವನೇ ಅತ್ತ.