ಅಂಕಿಯ ಜಾಗದಲ್ಲಿ ಚುಕ್ಕಿ

ಎಪ್ಪತ್ತರ ದಶಕದ ಕೊನೆಗೆ ನಾನು ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ಎರಡು ಚರಾಕ್ಷರಗಳ ಪಾಠ ಬಂದರೆ ಸಾಕು, ಕೈ ಸೋಲುತ್ತಿತ್ತು. ಎಕ್ಸ್ ವರ್ಗದಲ್ಲಿ ವೈ ವರ್ಗ ಕಳೆದಾಗ ಬರುವ ಮೇಲ್ಮೈ ಒಂದು ದಿಕ್ಕಿಗೆ ಏರುತ್ತದೆ, ಅಡ್ಡ ದಿಕ್ಕಿಗೆ ಇಳಿಯುತ್ತದೆ. ನಾನು ಬೋರ್ಡಿನ ಮೇಲೆ ಬರೆದರೆ ಮಡಚಿಟ್ಟ ಗೋಣಿಚೀಲದಂತೆ ಕಾಣುತ್ತಿತ್ತು. ಹುಡುಗಿಯರು ಏನೂ ಕೇಳದೆ ಅದನ್ನೇ ನಕಲು ಮಾಡಿಕೊಳ್ಳುತ್ತಿದ್ದರು. ಅವರು ಕೇಳದಿರುವುದೇ ನನ್ನನ್ನು ಕೊರೆಯುತ್ತಿತ್ತು.

ದೊಡ್ಡಪ್ಪನ ಮಗಳು ಬೆಂಗಳೂರಿನಲ್ಲಿ, ಕಂಪ್ಯೂಟರ್ ಇದ್ದ ಕಚೇರಿಯೊಂದರಲ್ಲಿ, ಯಂತ್ರ ಓದುವ ಕಾರ್ಡುಗಳಿಗೆ ತೂತು ಹೊಡೆಯುವ ಕೆಲಸದಲ್ಲಿದ್ದಳು. ಪುಸ್ತಕ ನೋಡಿಕೊಂಡು ಒಂದು ಸಣ್ಣ ಪ್ರೋಗ್ರಾಂ ಬರೆದು ಅವಳಿಗೆ ಅಂಚೆಯಲ್ಲಿ ಕಳಿಸಿದೆ. ಪ್ರತಿ ಬಿಂದುವಿನ ಎತ್ತರವನ್ನು ಅದರದರ ಜಾಗದಲ್ಲೇ ಅಚ್ಚು ಮಾಡಿದರೆ ಆಕಾರ ತಾನಾಗಿ ಕಾಣುತ್ತದೆ ಅನ್ನುವುದು ನನ್ನ ಆಸೆ. ಹಬ್ಬಕ್ಕೆ ಬರುವಾಗ ತರುತ್ತೇನೆಂದು ಅಕ್ಕ ಬರೆದಳು.

ಅವಳು ಗಾಡಿ ಬದಲಿಸುವ ಚಿಕ್ಕಜಾಜೂರಿಗೇ ಹೋಗಿ ಕಾದೆ. ಗಾಡಿ ತಡ. ಪ್ಲಾಟ್‌ಫಾರಂ ಮೇಲೆ ಆಚೆಗೂ ಈಚೆಗೂ ನಡೆಯುತ್ತಿದ್ದ ನನ್ನನ್ನು ನೋಡಿ ಚಹಾದವನು, "ಕುಂತ್ಕಳ್ರಿ ಅಕ್ಕಾರೆ, ನೀವು ಅಡ್ಡಾಡಿದ್ರೆ ಗಾಡಿ ಬೇಗ ಬರಲ್ಲ," ಅಂದ. ಕುಳಿತೆ, ಮತ್ತೆ ಎದ್ದೆ.

ಅಕ್ಕ ಇಳಿದ ಕೂಡಲೇ ಅವಳ ಟ್ರಂಕಿನ ಮೇಲೇ ಕಾಗದ ಬಿಡಿಸಿದೆ. ನಡುವೆ ಅಂಕಿಗಳಿದ್ದವು. ಮೇಲೂ ಕೆಳಗೂ ಬರೀ ಚುಕ್ಕಿ.

"ನಾನು ತಪ್ಪು ಹೊಡ್ದಿಲ್ಲ ಕಣೇ," ಅಂದಳು ಅಕ್ಕ.

"ನಿಂದಲ್ಲ, ನಂದು. ಒಂದೊಂದು ಸಂಖ್ಯೆಗೆ ಎರಡೇ ಮನೆ ಬಿಟ್ಟಿದ್ದೆ. ಮೈನಸ್ ಇಪ್ಪತ್ತೈದಕ್ಕೆ ಗುರುತೂ ಸೇರಿ ಮೂರು ಬೇಕು. ಹಿಡಿಸ್ದಿದ್ರೆ ಯಂತ್ರ ಚುಕ್ಕಿ ಒತ್ತುತೈತೆ."

"ಹೋಗ್ಲಿ ಬಿಡು, ಮತ್ತೆ ಹೊಡ್ಕೊಡ್ತೀನಿ."

ಮತ್ತೆ ಅಂದರೆ ಇನ್ನೆಷ್ಟು ದಿನವೋ. ಚಿತ್ರದುರ್ಗದ ಗಾಡಿ ಹತ್ತಿದ ಮೇಲೆ ಹೊಳಲ್ಕೆರೆಯವರೆಗೂ ಅಕ್ಕ ಊರ ಸುದ್ದಿ ಕೇಳುತ್ತಲೇ ಇದ್ದಳು, ನಾನು ಹೂಂಗುಟ್ಟುತ್ತ ಸಮನಾದ ಅಂಕಿಗಳನ್ನು ಪೆನ್ಸಿಲಿನಿಂದ ಜೋಡಿಸುತ್ತಿದ್ದೆ. ಗಾಡಿ ಕುಲುಕಿದಾಗಲೆಲ್ಲ ಗೆರೆ ಸೊಟ್ಟಗಾಗುತ್ತಿತ್ತು. ಆದರೂ ಒಂದು ಸಂಗತಿ ಕಣ್ಣಿಗೆ ಬಿತ್ತು: ಎಡಬಲದಲ್ಲಿ, ಮೇಲ್ಮೈ ಏರುವ ಕಡೆ, ಒಂದು ಚುಕ್ಕಿಯೂ ಇರಲಿಲ್ಲ. ಆಳವಾದ ಕಡೆಗಳಲ್ಲಿ ಮಾತ್ರ ಯಂತ್ರ ಸೋತಿತ್ತು.

ರಜೆ ಮುಗಿದ ಮೇಲೆ ಆ ಕಾಗದವನ್ನೇ ಬೋರ್ಡಿಗೆ ಅಂಟಿಸಿದೆ. ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದಳು.

"ಮೇಡಂ, ಚುಕ್ಕಿ ಇರೋದೆಲ್ಲ ತಗ್ಗಾ?"

"ಹೌದು."

"ಎಡಕ್ಕೂ ಬಲಕ್ಕೂ ದಿಬ್ಬ. ಹಂಗಾದ್ರೆ ನಟ್ಟನಡುವೆ ನಿಂತೋರು ದಿಬ್ಬದ ಮ್ಯಾಲವ್ರಾ, ತಗ್ಗಿನಾಗವ್ರಾ?"

ಇಡೀ ತರಗತಿ ನನ್ನತ್ತ ತಿರುಗಿತು. ಉತ್ತರ ಹೇಳಲು ಹೋಗಿ ತಡೆದುಕೊಂಡೆ. "ನಿಂತು ನೋಡೋಣ, ಬಾ," ಎಂದು ಅವಳ ಕೈಗೆ ಸೀಮೆಸುಣ್ಣ ಕೊಟ್ಟೆ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ತಿದ್ದಿದ ಕಾಗದ ಬೆಂಗಳೂರಿನಿಂದ ಬರುವಷ್ಟರಲ್ಲಿ ನಾನು ಇನ್ನೊಂದು ಮೇಲ್ಮೈಗೆ ಪ್ರೋಗ್ರಾಂ ಬರೆದು ಕಳಿಸಿ, ಮತ್ತೆ ಅಂಚೆಯವನ ದಾರಿ ಕಾಯುತ್ತಿದ್ದೆ.