ಎಲ್ಲಿಗೆ ಎಂದು ಕೇಳಬಾರದು

ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಎದ್ದು ನಡುಮನೆಗೆ ಬಂದೆ. ಬಂದದ್ದು ನಿಜ, ಯಾಕೆ ಬಂದೆ ಎನ್ನುವುದು ಮಾತ್ರ ದಾರಿಯಲ್ಲೇ ಎಲ್ಲೋ ಬಿದ್ದುಹೋಗಿತ್ತು. ಗೂಟದಲ್ಲಿದ್ದ ಕೊಡೆ ನೋಡಿದೆ, ಗೋಡೆಯ ಗಡಿಯಾರ ನೋಡಿದೆ. ಎರಡೂ ತಮಗೇನೂ ಗೊತ್ತಿಲ್ಲವೆಂಬಂತೆ ಸುಮ್ಮನಿದ್ದವು. "ಏನು ಬೇಕಿತ್ತು ಅತ್ತೆ?" ಎಂದಳು ಸೊಸೆ. "ಏನಿಲ್ಲ, ಸುಮ್ನೆ ಬಂದೆ" ಎಂದೆ. ವಯಸ್ಸಾದವರಿಗೆ ಮನೆಯೊಳಗೆ ಸುಮ್ಮನೆ ಓಡಾಡುವ ಅಧಿಕಾರ ಇದೆಯಲ್ಲ, ನನ್ನ ಮರೆವನ್ನೆಲ್ಲ ಅದರ ತಲೆಗೇ ಕಟ್ಟುತ್ತೇನೆ. ಮರೆತದ್ದು ಹೊರಟ ಜಾಗದಲ್ಲೇ ಕಾದಿರುತ್ತದೆ ಅನ್ನುತ್ತಾರೆಂದು ಮತ್ತೆ ಒಲೆಯ ಮುಂದೆ ಹೋಗಿ ನಿಂತೆ. ಕಾದಿರಲಿಲ್ಲ. ಹಾಲು ಉಕ್ಕಿತ್ತು, ಅಷ್ಟೆ.

ಈ ಗುಣ ನನಗೆ ಅಪ್ಪನಿಂದ ಬಂದದ್ದು. ಚನ್ನಗಿರಿಯ ಪೇಟೆಯಲ್ಲಿ ಅಪ್ಪನದು ಗ್ರಂಧಿಗೆ ಅಂಗಡಿ. ಅರಿಶಿನ ಕುಂಕುಮದಿಂದ ಹಿಡಿದು ಅಳಲೆಕಾಯಿ, ಹಿಪ್ಪಲಿ, ಒಣಗಿಸಿದ ಒಂದೆಲಗದ ತನಕ ಎಲ್ಲವೂ ಅಲ್ಲಿ ಸಿಗುತ್ತಿತ್ತು. ತ್ಯಾವಣಿಗೆಯಿಂದ, ಸೂಳೆಕೆರೆಯ ಸುತ್ತಿನ ಹಳ್ಳಿಗಳಿಂದ ಕೂಸು ಎತ್ತಿಕೊಂಡು ಬಂದ ತಾಯಂದಿರಿಗೆ, "ಬಜೆ ತೇಯ್ದು ನಾಲಿಗೆಗೆ ಹಚ್ಚವ್ವ, ಒಂದ್ಸಲ ಕೇಳಿದ್ದು ಮರೆಯಾಕಿಲ್ಲ" ಎಂದು ಭರವಸೆ ಕೊಟ್ಟು, ಆ ಬಜೆಯ ಪೊಟ್ಟಣವನ್ನು ತನ್ನ ಜೇಬಿಗೇ ಹಾಕಿಕೊಂಡು ಅವರನ್ನು ಬರಿಗೈಲಿ ಕಳಿಸಿದ್ದುಂಟು. ಸಂಜೆ ಅಂಗಿ ಝಾಡಿಸುವಾಗ ಅದು ಅವ್ವನಿಗೆ ಸಿಗುತ್ತಿತ್ತು.

ಮರೆಯುವವರಿಗೆಂದೇ ನಮ್ಮ ಹಿರಿಯರು ಎರಡು ಕಟ್ಟಳೆ ಮಾಡಿಟ್ಟಿದ್ದರೋ ಏನೋ. ಒಂದು, ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಎರಡು, ಏನನ್ನೋ ಮರೆತು ತಿರುಗಿ ಬಂದರೆ ಹಾಗೇ ಹೊರಡಬಾರದು. ಕೂತು ನೀರು ಕುಡಿದು ಹೋಗಬೇಕು. ಅಪ್ಪ ಕನ್ನಡಕಕ್ಕೆಂದು ತಿರುಗಿ ಬರುತ್ತಿದ್ದ. ಅವ್ವ ಚೊಂಬು ಹಿಡಿದು ನಿಂತಿರುತ್ತಿದ್ದಳು. ಕೂತು ನೀರು ಕುಡಿಯುವಷ್ಟರಲ್ಲಿ ಕನ್ನಡಕ ಮರೆತು, ಶಾಸ್ತ್ರ ಮುಗಿಯಿತೆಂದು ಎದ್ದು ಹೋಗುತ್ತಿದ್ದ. ಮತ್ತೆ ಬರುತ್ತಿದ್ದ. ನಮ್ಮ ಬಾವಿಯ ನೀರು ಅರ್ಧ ಖರ್ಚಾಗುತ್ತಿದ್ದುದು ಅಪ್ಪನ ಪ್ರಯಾಣಗಳಿಗೆ ಎಂದು ಅಕ್ಕ ನಗುತ್ತಿದ್ದಳು. ಇನ್ನು ಎಲ್ಲಿಗೆ ಎಂದು ಕೇಳುವಂತಿಲ್ಲವಾದ್ದರಿಂದ ಅವ್ವ, "ದೂರ ಆಗ್ತೈತೇನ್ರೀ?" ಎನ್ನುವಳು. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಹೂಂ, ಇರಬೋದು" ಎನ್ನುವನು. ಅಲ್ಲಿಗೆ ಅವನಿಗೂ ಗೊತ್ತಿಲ್ಲವೆಂದು ನಮಗೆಲ್ಲ ಗೊತ್ತಾಗುತ್ತಿತ್ತು.

ಆಗ ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಎಂದದ್ದು ಮರ್ಯಾದೆಗೆ. ಏರು ಬಂದರೆ ನಾವೇ ಇಳಿದು ತಳ್ಳಬೇಕಿತ್ತು. ಬಸ್ಸಿನ ಏಜೆಂಟರು ಬುಡೇನ್ ಸಾಬರು. ಬಸ್ಸು ಕೆಡುವುದಕ್ಕೆ ಅಪ್ಪ ಕಂಡುಹಿಡಿದ ಕಾರಣವೇ ಬೇರೆ. "ಹೊಂಟೋರ್ನೆಲ್ಲ ಎಲ್ಲಿಗ್ರೀ, ಎಲ್ಲಿಗ್ರೀ ಅಂತ ಕೇಳಿ ಚೀಟಿ ಹರಿತೀಯಲ್ಲೋ ಸಾಬ, ಬಸ್ಸು ಮುಂದಕ್ಕೆ ಹೋಗಾದು ಹೆಂಗೆ?" ಎಂದು ಅವರನ್ನು ಗೋಳುಹುಯ್ದುಕೊಳ್ಳುತ್ತಿದ್ದ.

ಅಪ್ಪ ಸಾಮಾನು ತರಲು ಆಗಾಗ ಹೊನ್ನಾಳಿಗೆ ಹೋಗುತ್ತಿದ್ದ. ಬೇಸಿಗೆಯಲ್ಲಿ ಅಲ್ಲಿ ಹೊಳೆಯ ಮಳಲಿನಲ್ಲಿ ಬೆಳೆದ ಕರಬೂಜ ಬರುತ್ತಿತ್ತು. ಅಕ್ಕನಿಗೆ ಅದರ ವಾಸನೆ ಎಂದರೆ ಪ್ರಾಣ. ಪ್ರತಿ ಸಲವೂ "ಅಪ್ಪಾ, ಕರಬೂಜ" ಎಂದು ಬಾಗಿಲ ತನಕ ಹೋಗಿ ಹೇಳುವಳು. ಪ್ರತಿ ಸಲವೂ ಅಪ್ಪ ತಲೆಯಾಡಿಸಿ ಹೋಗಿ, ಎಲ್ಲ ತಂದು ಅದೊಂದನ್ನು ಮರೆತು ಬರುವನು. ವರ್ಷಗಟ್ಟಲೆ ನಡೆದ ಆಟ ಅದು. ಕೊನೆಕೊನೆಗೆ ಅವಳು ಕೇಳುವುದನ್ನೇ ಬಿಟ್ಟಿದ್ದಳು.

ಅಷ್ಟರಲ್ಲಿ ಅಕ್ಕನಿಗೆ ಜಗಳೂರಿನಿಂದ ಒಂದು ಸಂಬಂಧ ಬಂತು. ಜಮೀನು, ಮನೆ, ಜೋಡಿ ಎತ್ತಿನ ಸವಾರಿ ಗಾಡಿ ಎಲ್ಲ ಇದ್ದ ಗಂಡು. ಹೆಂಡತಿ ತೀರಿಹೋಗಿದ್ದಳು, ವಯಸ್ಸಿನಲ್ಲಿ ಅವನು ಹೆಚ್ಚುಕಡಿಮೆ ಅಪ್ಪನ ಓರಗೆ. ದೊಡ್ಡಪ್ಪ ಒಪ್ಪಿಬಿಟ್ಟರು. ನಮ್ಮ ಮನೆಯಲ್ಲಿ ದೊಡ್ಡಪ್ಪ ಒಪ್ಪಿದರೆ ಗೋಡೆ ಬಾಗಿಲುಗಳೂ ಒಪ್ಪಿದಂತೆ. ಅಪ್ಪ ತನ್ನ ಅಣ್ಣನೆದುರು ಒಂದು ದಿನವೂ "ಆಗಲ್ಲ" ಎಂದವನಲ್ಲ. "ನಾಳೆ ವೀಳ್ಯ ತಗಂಡು ಹೋಗಿ ಮಾತು ಕೊಟ್ಟು ಬಾ. ನಾಳೆ ತಪ್ಪಿದ್ರೆ ಅವರು ಬೇರೆ ಕಡೆ ನೋಡ್ತಾರಂತೆ" ಎಂದರು ದೊಡ್ಡಪ್ಪ. ಅಪ್ಪ ತಲೆಯಾಡಿಸಿದ. ಅವತ್ತು ಅಡುಗೆ ಅಕ್ಕನದು. ಒಂದು ದಿನವೂ ಏನನ್ನೂ ಮರೆಯದ ಹುಡುಗಿ ಸಾರಿಗೆ ಉಪ್ಪು ಹಾಕುವುದನ್ನು ಮರೆತಿದ್ದಳು. ಬಾಯಿಗಿಟ್ಟ ಕೂಡಲೇ ನಾನು ಮುಖ ಸಿಂಡರಿಸಿದೆ. ಅಪ್ಪ ಅವಳ ಮುಖ ಒಮ್ಮೆ ನೋಡಿ, ಆ ಸಪ್ಪೆ ಸಾರನ್ನೇ ಮತ್ತೆ ಹಾಕಿಸಿಕೊಂಡು ಉಂಡ.

ಬೆಳಿಗ್ಗೆ ಅಪ್ಪ ಹೊರಟ. ಅವ್ವ ರೂಢಿಯಂತೆ ಚೊಂಬು ತುಂಬಿಟ್ಟುಕೊಂಡು ಕಾದಳು. ಅಪ್ಪ ತಿರುಗಿ ಬರಲೇ ಇಲ್ಲ. ಕನ್ನಡಕ, ಕೊಡೆ, ವೀಳ್ಯದ ಚೀಲ, ಹೆಗಲ ಶಾಲು, ಏನೊಂದೂ ಮನೆಯಲ್ಲಿ ಉಳಿದಿರಲಿಲ್ಲ. "ಮಗಳ ಮದುವೆ ಅಂದ್ರೆ ಬುದ್ಧಿ ನೆಟ್ಟಗಾಗ್ತೈತೆ ನೋಡು" ಎಂದಳು ಅವ್ವ. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಅವತ್ತು ಕೇಳುವ ಅಗತ್ಯವೇ ಇರಲಿಲ್ಲ.

ಮಾರನೆಯ ದಿನ ಅಪ್ಪ ಬಂದದ್ದು ಹೊನ್ನಾಳಿಯಿಂದ. ಒಂದು ಕೈಯಲ್ಲಿ ಬಾಡಿದ ವೀಳ್ಯದ ಚೀಲ, ಇನ್ನೊಂದು ಕೈಯಲ್ಲಿ ಕರಬೂಜ. "ಬಸ್ಸು ಹತ್ತಿ ಕೂತ್ನೆ ಅಣ್ಣಾ, ಎಲ್ಲಿಗೆ ಹೊಂಟೆ ಅನ್ನಾದೇ ಮರ್ತೋತು. ಇಳಿದು ನೋಡ್ತೀನಿ, ಹೊನ್ನಾಳಿ" ಎಂದ. ದೊಡ್ಡಪ್ಪ ಕುಣಿದಾಡಿದರು. "ಇವ್ನಿಗೆ ಕೆಲಸ ಹೇಳಾದೂ ಒಂದೇ, ಗೋರ್ಕಲ್ಲ ಮೇಲೆ ಮಳೆ ಸುರಿಯಾದೂ ಒಂದೇ" ಎಂದರು. ಜಗಳೂರಿನವರು ಆಗಲೇ ಬೇರೆ ಕಡೆ ಮಾತು ಮುಗಿಸಿದ್ದರು. ಅಂದಿನಿಂದ ದೊಡ್ಡಪ್ಪ ಅಪ್ಪನಿಗೆ ಯಾವ ಕೆಲಸವನ್ನೂ ನಂಬಿ ಹೇಳಲಿಲ್ಲ. ಪೇಟೆಯಲ್ಲಿ ಅದೊಂದು ಗಾದೆಯೇ ಆಯಿತು. ಯಾರಾದರೂ ಕೊಡ ತರಲು ಹೋಗಿ ಹಗ್ಗ ತಂದರೆ, "ಜಗಳೂರಿಗೆ ಹೊನ್ನಾಳಿ ಬಸ್ಸು ಹತ್ತಿದ್ಯೇನೋ?" ಎಂದು ನಗುವರು. ಅಪ್ಪ ಸಾಯುವ ತನಕ ಆ ನಗೆಯನ್ನು ಹೊತ್ತು ನಡೆದ. ನನಗಂತೂ ಅವನ ಮೇಲೆ ಕನಿಕರದ ಜೊತೆಗೆ ಒಂದಿಷ್ಟು ನಾಚಿಕೆಯೂ ಆಗುತ್ತಿತ್ತು.

ನಮ್ಮ ಕನ್ನಡದ ತಮಾಷೆ ನೋಡಿ. ಮರೆ ಎಂದರೆ ನೆನಪು ಬಿಡುವುದು. ಮರೆ ಎಂದರೆ ಅಡ್ಡ, ಆಸರೆ. ಮಳೆಗೆ ಮರದ ಮರೆಯಲ್ಲಿ ನಿಲ್ಲುತ್ತೇವೆ, ಮರೆ ಹೊಕ್ಕವರನ್ನು ಕಾಯಬೇಕು ಅನ್ನುತ್ತೇವೆ. ಪಂಡಿತರು ಎರಡಕ್ಕೂ ಬೇರೆ ಬೇರೆ ಬೇರು ತೋರಿಸಿಯಾರು, ತೋರಿಸಲಿ. ಒಂದೇ ಮಾತಿನಲ್ಲಿ ಇವೆರಡನ್ನೂ ಇಟ್ಟ ನಮ್ಮ ಹಿಂದಿನವರು ಅಪ್ಪನಂಥ ಯಾರನ್ನೋ ಕಂಡಿರಬೇಕು ಎಂದು ನನಗೆ ಈಚೆಗೆ ಅನ್ನಿಸುತ್ತದೆ. ಯಾಕೆಂದು ಹೇಳುತ್ತೇನೆ.

ಅಪ್ಪ ತೀರಿಕೊಂಡ ಕೆಲವು ದಿನಕ್ಕೆ ಬುಡೇನ್ ಸಾಬರು ಮಾತಾಡಿಸಲು ಬಂದು ಜಗಲಿಯ ಮೇಲೆ ಕೂತರು. ದೊಡ್ಡಪ್ಪ ಅದಕ್ಕೆ ಮೊದಲೇ ತೀರಿಹೋಗಿದ್ದರು. ಅಳುವಿನ ನಡುವೆ ಯಾರೋ ಹೊನ್ನಾಳಿ ಬಸ್ಸಿನ ಮಾತೆತ್ತಿ ನಕ್ಕರು. ಸಾಬರು ನಗಲಿಲ್ಲ. ಅವರೆಲ್ಲ ಎದ್ದು ಹೋದ ಮೇಲೆ ನನ್ನನ್ನು ಹತ್ತಿರ ಕರೆದರು.

"ನೋಡವ್ವ, ಯಾರಿಗೂ ಹೇಳಬ್ಯಾಡ ಅಂತ ಆಣೆ ಹಾಕಿಸ್ಕಂಡಿದ್ರು. ಈಗ ಅವರೇ ಇಲ್ಲ, ಹೇಳ್ತೀನಿ. ಅವತ್ತು ದಾವಣಗೆರೆ ಬಸ್ಸು ಒಂದು, ಹೊನ್ನಾಳಿ ಬಸ್ಸು ಒಂದು, ಎರಡೂ ಪಕ್ಕದಾಗೇ ನಿಂತಿದ್ವು. ಜಗಳೂರಿಗೆ ದಾವಣಗೆರೆ ಮ್ಯಾಲೇ ಹೋಗ್ಬೇಕು, ಅದು ಅವ್ರಿಗೆ ಗೊತ್ತಿಲ್ವಾ? ನಿಮ್ಮಪ್ಪಾರು ನನ್ನ ಕೈ ಹಿಡ್ಕಂಡು ಕೇಳಿದ್ರು: 'ಸಾಬ, ಇದು ಹೊನ್ನಾಳಿಗೇ ಹೋಗಾದು ತಾನೆ? ಅಪ್ಪಿತಪ್ಪಿ ದಾವಣಗೆರೆ ಕಡೆ ತಿರುಗಾಕಿಲ್ಲ ಅಲ್ವಾ?' ಹತ್ತಿದ ಮ್ಯಾಲೂ ಇನ್ನೊಂದ್ಸಲ ಕೇಳಿದ್ರು."

ಬೇಡ ಎನ್ನಲು ಬಾಯಿಲ್ಲದವನು ಮರೆತೆ ಎಂದಿದ್ದ. ಅಷ್ಟು ವರ್ಷ ಊರೇ ನಕ್ಕರೂ ನೆನಪಿದೆ ಎಂದು ಒಮ್ಮೆಯೂ ಹೇಳಿರಲಿಲ್ಲ.

ಅಕ್ಕನನ್ನು ಆಮೇಲೆ ನ್ಯಾಮತಿಗೆ ಕೊಟ್ಟಿದ್ದರು, ಅವಳೇ ನೋಡಿ ಒಪ್ಪಿದ ಹುಡುಗನಿಗೆ. ಅಪ್ಪನ ಕಾರ್ಯ ಮುಗಿಸಿಕೊಂಡು ಅವಳು ಆಗಲೇ ಅಲ್ಲಿಗೆ ಮರಳಿದ್ದಳು. ಈ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಮೊದಲ ಬಸ್ಸಿಗೇ ಅವಳಲ್ಲಿಗೆ ಹೋದೆ. ಒಂದೇ ಉಸಿರಿಗೆ ಹೇಳಿದೆ. ಅವಳು ಅಚ್ಚರಿಪಡಲಿಲ್ಲ. ಬಿಡಿಸುತ್ತಿದ್ದ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಂಗೆ ಅವತ್ತೇ ಗೊತ್ತಾತು ಬಿಡೇ. ಅಪ್ಪ ನಿಜವಾಗ್ಲೂ ಮರ್ತು ಹೊನ್ನಾಳಿಗೆ ಹೋಗಿದ್ರೆ, ಕರಬೂಜ ತರಾದು ನೆನಪಿರ್ತಿತ್ತಾ?"