ಟೈಲರಮ್ಮನ ಪಾಲಿನ ಹಲಗೆ

ನೆಲದ ಮೇಲೆ ಬಟ್ಟೆ ಹರವಿಕೊಂಡು, ಮಂಡಿಯೂರಿ, ಸೊಂಟ ಬಗ್ಗಿಸಿ ಕತ್ತರಿ ಆಡಿಸುವ ಹೆಂಗಸೊಬ್ಬಳು ಮನೆಯಲ್ಲಿರುವಾಗ, ಆ ಮನೆಯ ಗಂಡಸು ಊರವರ ಮೇಜಿಗೆಲ್ಲ ಹಲಗೆ ಕೊಯ್ದುಕೊಡುತ್ತಾನೆ ಎಂದರೆ ಅದಕ್ಕೆ ಏನನ್ನಬೇಕು? ನೀವು ಏನಾದರೂ ಅನ್ನಿ. ಟೈಲರಮ್ಮ ಬಾಯಿಗೆ ಬಂದದ್ದನ್ನೆಲ್ಲ ಅನ್ನುತ್ತಿದ್ದಳು, ಆದರೆ ಮನಸ್ಸಿನೊಳಗೆ.

ಅವಳ ಗಂಡನನ್ನು ಬೀದಿಯವರು ಹಲಗೆಯಣ್ಣ ಎಂದು ಕರೆಯುತ್ತಿದ್ದರು. ಗಾಳಿಗೆ ಉರುಳಿದ ಮರ, ರಸ್ತೆಗೆ ಅಡ್ಡವೆಂದು ಕಡಿದು ಬಿಸಾಕಿದ ಮರ, ಎಲ್ಲಿದ್ದರೂ ಅವನಿಗೆ ಸುದ್ದಿ ಮುಟ್ಟುತ್ತಿತ್ತು. ಸೌದೆಯಾಗಿ ಉರಿದುಹೋಗಬೇಕಾದ ದಿಮ್ಮಿಯನ್ನು ಬಿದ್ದ ಜಾಗದಲ್ಲೇ ಹಲಗೆ ಮಾಡುವುದು ಅವನ ಕಸುಬು. ಮೋಟಾರ್ ಗರಗಸಕ್ಕೆ ಕಬ್ಬಿಣದ ಚೌಕಟ್ಟೊಂದನ್ನು ಬಿಗಿಯುತ್ತಿದ್ದ. ದಿಮ್ಮಿಯ ಬೆನ್ನಿನ ಮೇಲೆ ಏಣಿಯನ್ನು ಮಲಗಿಸಿ, ಅದರ ಮೇಲೆ ಚೌಕಟ್ಟನ್ನು ಜಾರಿಸುತ್ತ ಹೋದರೆ ಮೊದಲ ಸೀಳು ನೇರ ಬರುತ್ತದೆ. ಆಮೇಲೆ ಏಣಿ ಬೇಡ. ಸೀಳಿದ ಮೈಯೇ ಮುಂದಿನ ಸೀಳಿಗೆ ದಾರಿ.

ಇದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಗರಗಸ ಮುಂದೆ ಹೋದಂತೆಲ್ಲ ಹಿಂದಿನ ಸೀಳು ಮುಚ್ಚಿಕೊಳ್ಳದ ಹಾಗೆ ಅದರೊಳಗೆ ಬೆಣೆ ಹೊಡೆಯುತ್ತ ಬರಬೇಕು. ಬೆಣೆ ತಪ್ಪಿತೋ, ಮೇಲಿನ ಹಲಗೆ ತನ್ನ ಭಾರಕ್ಕೆ ತಾನೇ ಕುಸಿದು ಗರಗಸವನ್ನು ಕಚ್ಚಿ ಹಿಡಿಯುತ್ತದೆ. ಆ ಬೆಣೆ ಹೊಡೆಯುವ ಕೈ ಟೈಲರಮ್ಮನದು. ಬೆಳಿಗ್ಗೆ ಎದ್ದು ಶಾಲೆಯ ಯೂನಿಫಾರಂ ಕತ್ತರಿಸಿಟ್ಟು, ಕಿವಿಗೆ ಹತ್ತಿ ತುರುಕಿಕೊಂಡು, ಬೆಣೆ ಬಡಿಯುವ ಮರದ ಕೊಡತಿ ಹಿಡಿದು ಗಂಡನ ಹಿಂದೆ ಹೊರಡುತ್ತಿದ್ದಳು. ಸಂಜೆ ಮೈಕೈಯೆಲ್ಲ ಮರದ ಪುಡಿ ಮೆತ್ತಿಕೊಂಡು ಬಂದು ಮತ್ತೆ ನೆಲಕ್ಕೆ ಮಂಡಿ ಊರುತ್ತಿದ್ದಳು. ಹೊಗಳಿಕೆಯೆಲ್ಲ ಹಲಗೆಯಣ್ಣನಿಗೆ. ಬೆಣೆಯಕ್ಕ ಎಂದು ಯಾರಾದರೂ ಬಾಯಿತಪ್ಪಿ ಕರೆದದ್ದುಂಟೇ?

ಅವಳಿಗೆ ಬೇಕಿದ್ದದ್ದು ಒಂದೇ ಒಂದು ಹಲಗೆ. ನಿಂತುಕೊಂಡು ಬಟ್ಟೆ ಕತ್ತರಿಸುವಷ್ಟು ಅಗಲವಿರಬೇಕು, ಕಾಲು ಜೋಡಿಸಿದರೆ ಮೇಜಾಗಬೇಕು, ಅಷ್ಟೇ. ಮಂಡಿ ಎರಡೂ ಕೈಕೊಟ್ಟಿದ್ದವು. ಕೂತರೆ ಏಳುವುದು ಕಷ್ಟ, ಎದ್ದರೆ ಕೂರುವುದು ಕಷ್ಟ. ‘ಮುಂದಿನ ದಿಮ್ಮಿ ನಿನಗೇ ಕಣೇ’ ಎಂದು ಗಂಡ ಹೇಳದ ವರ್ಷವಿಲ್ಲ. ಹೇಳುವಾಗ ಅವನಿಗೆ ಸುಳ್ಳಾಡುವ ಉದ್ದೇಶವೂ ಇರುತ್ತಿರಲಿಲ್ಲ, ಅದೇ ಇನ್ನಷ್ಟು ಮೈ ಉರಿಸುವ ಸಂಗತಿ. ಹಸಿ ಹಲಗೆ ಒಣಗಲು ವರ್ಷದ ಮೇಲೆ ಬೇಕು. ಹಿತ್ತಲಿನಲ್ಲಿ ಒಂದರ ಮೇಲೊಂದು, ನಡುವೆ ಗಾಳಿಯಾಡಲು ಕಡ್ಡಿ ಇಟ್ಟು ಪೇರಿಸುತ್ತಿದ್ದರು. ಅಷ್ಟರಲ್ಲಿ ಯಾರಾದರೊಬ್ಬರು ಬಂದು ಹಲಗೆಯ ಮೈ ಸವರಿ, ‘ಅಬ್ಬಾ, ಎಂಥಾ ಮರ!’ ಅನ್ನುತ್ತಿದ್ದರು. ಮುಗಿಯಿತು. ಹೊಗಳಿದವರಿಗೆ ಇಲ್ಲ ಅನ್ನಲು ಹಲಗೆಯಣ್ಣನ ನಾಲಿಗೆ ಹೊರಳುತ್ತಿರಲಿಲ್ಲ. ಒಂದನ್ನು ಅವನ ಅಕ್ಕ ಊಟದ ಮೇಜಿಗೆಂದು ಸಾಗಿಸಿದಳು. ಒಂದು ಹಲ್ಲಿನ ಡಾಕ್ಟರ ಬಾಗಿಲಲ್ಲಿ ಬೆಂಚಾಯಿತು. ಇನ್ನೊಂದನ್ನು ಕ್ಷೌರದಂಗಡಿಯವನು ಕನ್ನಡಿಯ ಕೆಳಗೆ ಕೂರಿಸಿಕೊಂಡ. ಇವಳನ್ನು ಕಂಡಾಗಲೆಲ್ಲ, ‘ಅಕ್ಕಾ, ಹಲಗೆ ಕಲ್ಲು ಇದ್ದಂಗಿದೆ’ ಎಂದು ಹಲ್ಲು ಕಿರಿಯುತ್ತಿದ್ದ. ಇವಳು ಹೂಂ ಅಂದು ಮುಂದೆ ಹೋಗುತ್ತಿದ್ದಳು. ಇನ್ನೇನು ಮಾಡಿಯಾಳು, ಅಂಗಡಿಗೆ ನುಗ್ಗಿ ಕಿತ್ತುಕೊಂಡು ಬರಲಾದೀತೇ?

ಆ ಸಲದ ಬಿರುಗಾಳಿಗೆ ನೀರಿನ ಟ್ಯಾಂಕಿನ ಪಕ್ಕದ ಮೈದಾನದಲ್ಲಿ ಹಳೆಯ ಮರವೊಂದು ಬುಡಸಮೇತ ಮಗುಚಿತು. ತಬ್ಬಿದರೆ ಕೈಗೆ ಕೈ ಸೇರದಂಥ ದಿಮ್ಮಿ. ತೆಗೆದುಕೊಂಡು ಹೋದರೆ ಸಾಕು ಎಂದರು ಟ್ಯಾಂಕಿನವರು. ಮೊದಲ ಸೀಳು ತೆಗೆದು ಒಳಗಿನ ಕೆಂಪು ಮೈ ಕಂಡಾಗ ಹಲಗೆಯಣ್ಣನೇ ಗರಗಸ ಕೆಳಗಿಟ್ಟು, ‘ಇದರ ನಡುವಿನ ಹಲಗೆ ನಿಂದು. ಯಾರು ಬಂದು ಕಾಲು ಹಿಡಿದರೂ ಕೊಡಲ್ಲ’ ಅಂದ. ಅವಳು ಕೊರಳಲ್ಲಿದ್ದ ಅಳತೆಯ ಟೇಪನ್ನು ಅಡ್ಡ ಹಿಡಿದು ನೋಡಿದಳು. ಬಟ್ಟೆಯನ್ನು ಪೂರ್ತಿ ಅಗಲಕ್ಕೆ ಬಿಚ್ಚಿ ಹಾಸಿದರೂ ಅಂಚು ಉಳಿಯುತ್ತಿತ್ತು. ನಂಬಬಾರದು ಅಂದುಕೊಂಡರೂ ನಂಬಿದಳು.

ಆ ಹಲಗೆ ಅರ್ಧ ಸೀಳಿತ್ತು, ಬಡಾವಣೆ ಸಂಘದ ಅಧ್ಯಕ್ಷರು ಬಂದರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಕೈಯಲ್ಲಿ ಸ್ಕೂಟರಿನ ಕೀಲಿ. ಹಲಗೆಯಣ್ಣ ಗರಗಸವನ್ನು ಸೀಳಿನಲ್ಲೇ ಬಿಟ್ಟು ಎಂಜಿನ್ ಆರಿಸಿದ.

“ಏನ್ ಹಲಗೆಯಣ್ಣಾ, ಸಂಘದ ಹಾಲ್‌ಗೆ ಉದ್ದ ಮೇಜು ಬೇಕು ಅಂತಿದ್ವಿ. ಇದು ನಮಗೆ ಅಂತಲೇ ಬೆಳೆದಂಗಿದೆಯಲ್ಲ! ಎಂಥಾ ಮರ, ಎಂಥಾ ಕೈಚಳಕ!”

ಹಲಗೆಯಣ್ಣ ತಲೆ ಕೆರೆದುಕೊಂಡ. “ಅದು... ಇವಳಿಗೆ ಅಂತ...”

“ಅಯ್ಯೋ, ನಾಲ್ಕು ಜನಕ್ಕೆ ಆಗೋ ಕೆಲಸಕ್ಕೆ ಅಮ್ಮನವರು ಬೇಡ ಅಂತಾರಾ? ಅವರಿಗೆ ಚಿಕ್ಕದೊಂದು ಸಾಕಪ್ಪ. ಮನೇಲಿ ಕೂತು ಹೊಲಿಯೋರು ತಾನೇ?”

“ಅದೂ ನಿಜ ಅನ್ನಿ. ಅವಳಿಗೆ ಮುಂದಿನದು ಕೊಟ್ಟರಾಯ್ತು.”

ಅವಳು ಎರಡು ಮಾರು ದೂರದಲ್ಲಿ ನಿಂತಿದ್ದಳು! ಅವಳನ್ನು ಒಂದು ಮಾತು ಕೇಳುವುದಿರಲಿ, ಇಬ್ಬರಲ್ಲಿ ಒಬ್ಬನಾದರೂ ಅವಳ ಕಡೆ ಕತ್ತು ತಿರುಗಿಸಬೇಡವೇ? ಟೈಲರಮ್ಮನ ಕಣ್ಣು ಕೆಂಪಾಯಿತು. ಕಿವಿಯ ಹತ್ತಿ ಕಿತ್ತು ಎಸೆದಳು. ಕೊಡತಿ ಎತ್ತಿ, ತಾನೇ ಹೊಡೆದ ಬೆಣೆಗಳನ್ನು ಪಕ್ಕದಿಂದ ಬಡಿದು ಒಂದೊಂದಾಗಿ ಉದುರಿಸಿದಳು. ಹಲಗೆ ನರಳಿ ಕೆಳಗೆ ಕೂತಿತು. ಹಲಗೆಯಣ್ಣ ಓಡಿಬಂದು ಗರಗಸ ಎಳೆದ; ಅದು ಜಪ್ಪಯ್ಯ ಅನ್ನಲಿಲ್ಲ.

“ಲೇ, ಏನೇ ಇದು? ಬೆಣೆ ಹಾಕೇ!”

“ಅಧ್ಯಕ್ಷರು ಹಾಕ್ತಾರೆ. ಅವರ ಹಲಗೆ ತಾನೇ?” ಬೆಣೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಅವಳು ದಿಮ್ಮಿಯ ಸೀಳಿದ ತುದಿಯ ಮೇಲೆ ಕೂತಳು, ಹಲಗೆಗೆ ತನ್ನ ಭಾರವೂ ಇರಲಿ ಎಂದು.

ಹಲಗೆಯಣ್ಣ ಹಾರೆ ಹಾಕಿ ಮೀಟಿದ. ಒಂದು ಕಡೆ ಬಾಯಿಬಿಟ್ಟರೆ ಇನ್ನೊಂದು ಕಡೆ ಮುಚ್ಚಿತು. ಅಧ್ಯಕ್ಷರು ಉಪಕಾರ ಮಾಡಲು ಹೋಗಿ ಅಂಗಿಗೆ ಗ್ರೀಸು ಬಳಿದುಕೊಂಡು, “ಏನಮ್ಮಾ ಇದು, ಮಕ್ಕಳಾಟ?” ಎಂದು ಗದರಿದರು.

“ನೀವು ಸುಮ್ಮನಿರಿ ಸಾರ್. ಕೊಡೋರು ಇವರು, ಇಸ್ಕೊಳ್ಳೋರು ನೀವು. ನಡುವೆ ನಾನೊಬ್ಬಳು ಇದೀನಿ ಅಂತ ಈಗ ಗೊತ್ತಾಯ್ತಲ್ಲ, ಸಾಕು.”

ಬಿಸಿಲು ಏರಿತು. ಗಂಡ ಬೈದ, ಗೋಗರೆದ, ಕೊನೆಗೆ ಸೋತು, “ಸರಿ ತಾಯಿ, ಏನು ಮಾಡಬೇಕು ಹೇಳು” ಅಂದ.

“ಹಲಗೆ ಸೀಳಿ ಮುಗಿಸೋಣ. ಮುಗಿದ ಮೇಲೆ ಗರಗಸ ನನ್ನ ಕೈಗೆ ಕೊಡಿ.”

ಮತ್ತೆ ಬೆಣೆ ಹೊಡೆದಳು, ಮುಂಚಿಗಿಂತ ಜೋರಾಗಿ. ಹಲಗೆ ಬೇರೆಯಾಯಿತು. ಅವನು ಚೌಕಟ್ಟಿನಿಂದ ಗರಗಸ ಬಿಡಿಸಿ ಅನುಮಾನಿಸುತ್ತಲೇ ಕೊಟ್ಟ. ಅವಳು ಟೇಪು ಹಿಡಿದು ತನ್ನ ಹೊಲಿಗೆ ಕೋಣೆಯ ಗೋಡೆಗೆ ಹಿಡಿಸುವಷ್ಟು ಉದ್ದ ಅಳೆದಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಹಲಗೆಗೆ ಅಡ್ಡಗೆರೆ ಎಳೆದಳು. ಆಗ ಹಲಗೆಯಣ್ಣನಿಗೆ ಹೊಳೆಯಿತು.

“ಅಡ್ಡ ಕೊಯ್ಯಬೇಡ ಕಣೇ! ನಿನಗೆ ಕೈ ಮುಗೀತೀನಿ, ಇಂಥ ಉದ್ದ ಇನ್ನೊಂದು ಸಿಗಲ್ಲ!”

ಉದ್ದ ಹಲಗೆಯನ್ನು ಅಡ್ಡ ಕೊಯ್ಯುವುದೆಂದರೆ ಅವನಿಗೆ ಎದೆಗೆ ಗರಗಸ ಇಟ್ಟಷ್ಟೇ ನೋವು. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಎಂಜಿನ್ನಿನ ಹಗ್ಗ ಎಳೆದಳು. ಹಲಗೆ ಎರಡು ತುಂಡಾಯಿತು. ಅಧ್ಯಕ್ಷರು ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು, “ಹಾಳು ಮಾಡಿಬಿಟ್ರಲ್ಲ” ಎಂದು ಸ್ಕೂಟರ್ ಹತ್ತಿದರು.

ಅವಳ ಪಾಲಿನ ತುಂಡು ಹಿತ್ತಲಿಗೆ ಹೋಗಲಿಲ್ಲ. ಬಾಗಿಲಿನಲ್ಲಿ ನುಸುಳಿ ನೇರ ಹೊಲಿಗೆ ಕೋಣೆಗೆ ಬಂತು. ತುದಿ ಬಿರಿಯದಂತೆ ಎರಡೂ ಕಡೆ ಹಳೆಯ ಪೇಂಟು ಬಳಿದು, ಕಡ್ಡಿಗಳ ಮೇಲೆ ಗೋಡೆ ಪಕ್ಕ ಮಲಗಿಸಿದರು. ಇಲ್ಲೇ ಒಣಗಲಿ, ಅವಳ ಕಣ್ಣೆದುರಿಗೆ. ಬಂದು ಹೊಗಳುವವರು ಇನ್ನು ಮೇಲೆ ಅವಳನ್ನು ದಾಟಿಕೊಂಡು ಹೊಗಳಲಿ.

ಸಿಟ್ಟು ಮಾತ್ರ ಇಳಿದಿರಲಿಲ್ಲ. ಅವಳು ನೆಲದ ಮೇಲೆ ಕೂತು ಯೂನಿಫಾರಂ ಕತ್ತರಿಸುತ್ತಿದ್ದಳು. ಹಲಗೆಯಣ್ಣ ಬಾಗಿಲಲ್ಲಿ ನಿಂತು, “ಇಷ್ಟೊಂದು ಬೇಕಿತ್ತು ಅಂತ ಬಾಯಿಬಿಟ್ಟು ಹೇಳಬಾರದಿತ್ತಾ?” ಅಂದ.

“ಹೇಳ್ತಾನೇ ಇದ್ದೆ. ದಿನಾ ನಿಮ್ಮ ಮುಂದೇ ನೆಲದ ಮೇಲೆ ಕೂತಿದ್ದೆ.”

ಅವನು ಒಳಗೆ ಬಂದು, “ಮೇಜಿನ ಕಾಲಾದರೂ ಈಗಲೇ ಮಾಡಿಡ್ತೀನಿ. ಎಷ್ಟೆತ್ತರ ಇರಲಿ?” ಎಂದು ಅವಳ ಭುಜದ ಪಕ್ಕ ಗಾಳಿಯಲ್ಲಿ ಕೈ ಅಡ್ಡ ಹಿಡಿದ. “ಇಷ್ಟು ಸಾಕಲ್ಲ?”

ಟೈಲರಮ್ಮ ಆ ಕೈಯನ್ನು ನೋಡಿದಳು. ಕತ್ತರಿ ಕೆಳಗಿಟ್ಟಳು.

“ಅದು ಕೂತವಳ ಅಳತೆ,” ಅಂದಳು. ನೆಲಕ್ಕೆ ಕೈಯೂರಿ, ಹಲ್ಲು ಕಚ್ಚಿ, ಮಂಡಿ ಒಂದೊಂದಾಗಿ ಬಿಡಿಸಿಕೊಂಡು ಎದ್ದು ನಿಂತಳು. “ಈಗ ಅಳೀರಿ.”